ದಂಡಿಗೆ ಹೋದ ಅಜ್ಜನ ಜಾಡು

ಪರದೆಯ ಮೇಲಿನ ಮಾತುಕತೆಗೆ ಸಿಗುವ ಹೊತ್ತು ಬಹಳ ಕಡಿಮೆ. ವಂಶದ ಚರಿತ್ರೆಯನ್ನು ಹುಡುಕುವ ಬಗೆ ಹೇಗೆ ಎಂದು ಹೇಳಹೊರಟರೆ ಮುನ್ನುಡಿಗೇ ಅದು ಮುಗಿದುಹೋಗುತ್ತದೆ. ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಹಾಕಿ ನೋಡಬೇಕಾದ ಸಂಗತಿಗಳಿಗಂತೂ ಅಲ್ಲಿ ಎಡೆಯಿಲ್ಲ. ಅವುಗಳನ್ನು ಈ ಪುಟಗಳಲ್ಲಿ ಬರೆಯುತ್ತಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ನೋಟುಬುಕ್ಕು ಇಟ್ಟುಕೊಳ್ಳಿ.

ನೀವು ಜಗಳೂರು ತಾಲ್ಲೂಕಿನ ಬಿಳಿಚೋಡಿನವರು ಎಂದಿಟ್ಟುಕೊಳ್ಳೋಣ. ಮನೆಯ ಅಟ್ಟದ ಮೇಲೆ ತುಕ್ಕು ಹಿಡಿದ ಒಂದು ಕತ್ತಿ ಇದೆ. ಆಯುಧಪೂಜೆಯ ದಿನ ಅದನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಂಕುಮ ಇಡುತ್ತಾರೆ. ಯಾರದು ಎಂದು ಕೇಳಿದರೆ, ‘ನಮ್ಮ ಮುತ್ತಜ್ಜನದು, ಅವನು ಟಿಪ್ಪುವಿನ ದಂಡಿನಲ್ಲಿದ್ದ’ ಎಂಬ ಉತ್ತರ ಬರುತ್ತದೆ. ಇಂಥ ಮಾತು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಟಿಪ್ಪು ಇಲ್ಲದಿದ್ದರೆ ಮದಕರಿ ನಾಯಕ, ಅವನೂ ಅಲ್ಲದಿದ್ದರೆ ಕುಂಪಣಿಯ ಪಲ್ಟನ್ನು. ಈ ಮಾತು ನಿಜವೋ ಸುಳ್ಳೋ ಎಂದು ಕಂಡುಕೊಳ್ಳಲು ದಾರಿ ಇದೆಯೇ?

ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ನೀವು ಹುಟ್ಟಿದ್ದು 2008ರಲ್ಲಿ ಎನ್ನೋಣ. ಒಂದು ತಲೆಮಾರಿಗೆ ಸುಮಾರು 28 ವರ್ಷ ಹಿಡಿದರೆ ನಿಮ್ಮ ತಂದೆ 1980ರ ಆಸುಪಾಸು, ಅಜ್ಜ 1952, ಮುತ್ತಜ್ಜ 1924. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಅಂದಮೇಲೆ ಮುತ್ತಜ್ಜ ಅವನ ದಂಡಿನಲ್ಲಿ ಇದ್ದಿರಲಾರ. ಆ ಕಾಲದಲ್ಲಿ ಕತ್ತಿ ಹಿಡಿಯುವ ವಯಸ್ಸಿನವನು ನಿಮಗೆ ಎಂಟೊಂಬತ್ತು ತಲೆಮಾರು ಹಿಂದಿನವನಾಗಿರಬೇಕು. ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳೇ? ಅವಸರ ಬೇಡ. ಮನೆಮಾತಿನಲ್ಲಿ ‘ಮುತ್ತಜ್ಜ’ ಎಂದರೆ ಎಷ್ಟೋ ಸಲ ಅಜ್ಜನಿಗಿಂತ ಹಿಂದಿನ ಎಲ್ಲರೂ ಸೇರುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ವಾಡಿಕೆಯಾದ್ದರಿಂದ ಒಂದೇ ಹೆಸರಿನವರು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರುತ್ತಲೇ ಇರುತ್ತಾರೆ. ನೂರೈವತ್ತು ವರ್ಷದಲ್ಲಿ ಮೂವರು ಹನುಮಂತಪ್ಪಂದಿರು ಆಗಿಹೋಗಿದ್ದರೆ, ನೆನಪಿನಲ್ಲಿ ಮೂವರೂ ಸೇರಿ ಒಬ್ಬನೇ ಆಗಿಬಿಡುತ್ತಾನೆ. ಅವರನ್ನು ಬಿಡಿಸಿ ಬೇರೆ ಬೇರೆ ನಿಲ್ಲಿಸುವುದೇ ಮೊದಲ ಕೆಲಸ.

ಇದಕ್ಕೆ ಇಸವಿ ಕೇಳಿದರೆ ಪ್ರಯೋಜನವಿಲ್ಲ. ಹಿಂದಿನವರು ಕಾಲವನ್ನು ಇಸವಿಯಿಂದ ಎಣಿಸಿದವರಲ್ಲ. ಬರ, ಬೇನೆಗಳಿಂದ ಎಣಿಸಿದವರು. ‘ಧಾತು ಬರದಾಗ ಅವನಿಗೆ ಎತ್ತು ಹೊಡೆಯುವಷ್ಟು ವಯಸ್ಸಾಗಿತ್ತಂತೆ’ ಎಂದರೆ ಅದೇ ದೊಡ್ಡ ಸುಳುಹು. ಧಾತು ಸಂವತ್ಸರ ಬಂದದ್ದು 1876–77ರಲ್ಲಿ, ಈಶ್ವರ ಸಂವತ್ಸರ 1877–78ರಲ್ಲಿ. ಮೈಸೂರು ಸೀಮೆಯನ್ನು ಬರಿದು ಮಾಡಿದ ಮಹಾ ಕ್ಷಾಮದ ಕಾಲ ಅದು. ಪ್ಲೇಗು ಬಂದದ್ದು 1898ರಲ್ಲಿ. ಇನ್‌ಫ್ಲುಯೆಂಜಾ ಜ್ವರ 1918ರಲ್ಲಿ. ಆದರೆ ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದನ್ನು ಮರೆಯಬೇಡಿ. ಧಾತು ಸಂವತ್ಸರ 1936–37ರಲ್ಲೂ ಬಂತು, 1996–97ರಲ್ಲೂ ಬಂತು. ಹೆಸರಿನ ಜೊತೆಗೆ ‘ಬರ’ ಎಂಬ ಮಾತು ಇದೆಯೇ ಎಂದು ಕಿವಿಗೊಟ್ಟು ಕೇಳಿ.

ಅಜ್ಜಿಯನ್ನು ಕೇಳುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಮಾವನ ಹೆಸರನ್ನೂ ಹೇಳುತ್ತಿರಲಿಲ್ಲ. ಮದುವೆಮನೆಯಲ್ಲಿ ಹೆಸರು ಹೇಳಲೇಬೇಕೆಂದು ಹಟ ಹಿಡಿದರೆ ಒಡಪು ಕಟ್ಟಿ, ಅದರಲ್ಲಿ ಹೆಸರನ್ನು ಅಡಗಿಸಿ ಹೇಳುತ್ತಿದ್ದರು. ಆದ್ದರಿಂದ ‘ಅಜ್ಜಿ, ನಿನ್ನ ಮಾವನ ಹೆಸರೇನು?’ ಎಂದು ನೇರವಾಗಿ ಕೇಳಿ ಉತ್ತರ ಬರದಿದ್ದರೆ ಅಜ್ಜಿಗೆ ಮರೆವು ಎಂದುಕೊಳ್ಳಬೇಡಿ. ‘ನಮ್ಮ ಮನೆಯಲ್ಲಿ ಯಾರಿಗೆ ಆ ಹೆಸರು ಇಟ್ಟಿದ್ದೀರಿ?’ ಎಂದು ಕೇಳಿ, ಬೆರಳು ತೋರಿಸಿಯಾರು. ಆಕೆಯ ತವರೂರು ಯಾವುದು, ಆಕೆಯ ಅತ್ತೆಯ ತವರೂರು ಯಾವುದು ಎಂಬುದನ್ನೂ ಬರೆದುಕೊಳ್ಳಿ. ನನ್ನ ಅಜ್ಜಿ ಇದ್ದಾಗ ನಾನು ಇವು ಯಾವುದನ್ನೂ ಕೇಳಲಿಲ್ಲ. ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆ ಬರಲಿ ಎಂದು ಮುಂದೂಡಿದೆ. ಅಂಥದೊಂದು ರಜೆ ಬರುವ ಮೊದಲೇ ಆಕೆ ಹೋದಳು.

ತವರೂರು ಏಕೆ ಮುಖ್ಯ ಎಂದರೆ, ಬಿಳಿಚೋಡು ಇರುವುದು ಗಡಿ ಸೀಮೆಯಲ್ಲಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೆ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ತೀರ ಈಚೆಗೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. 19ನೇ ಶತಮಾನದ ಕಾಗದಗಳಲ್ಲಿ ಜಗಳೂರಿನ ಸೀಮೆ ಕಣಕುಪ್ಪೆ ತಾಲ್ಲೂಕು ಎಂಬ ಹೆಸರಿನಲ್ಲಿ ಬರುತ್ತದೆ. ಇನ್ನು ಉತ್ತರಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಕೂಡ್ಲಿಗಿ, ಹರಪನಹಳ್ಳಿ; ಅವು ಬಳ್ಳಾರಿ ಜಿಲ್ಲೆಗೆ, ಎಂದರೆ ಮದರಾಸು ಪ್ರಾಂತಕ್ಕೆ ಸೇರಿದ್ದವು. ಹೆಣ್ಣು ಕೊಟ್ಟು ತಂದು ಮಾಡುವುದಕ್ಕೆ ಈ ಗಡಿ ಎಂದೂ ಅಡ್ಡಿಯಾಗಲಿಲ್ಲ. ಆದರೆ ಕಾಗದಗಳು ಮಾತ್ರ ಎರಡು ಪಾಲಾದವು. ಗಡಿಯ ಈಚೆಗಿನ ಮನುಷ್ಯನ ಹೆಸರು ಮೈಸೂರಿನ ಕಡತಗಳಲ್ಲಿದ್ದರೆ, ಆಚೆಗಿನ ಬೀಗನ ಹೆಸರು ಮದರಾಸಿನ ಕಡತಗಳಲ್ಲಿರುತ್ತದೆ. ದಾವಣಗೆರೆ ಎಂದು ಹುಡುಕುತ್ತ ಕುಳಿತರೆ ಎರಡೂ ಸಿಗುವುದಿಲ್ಲ.

ಈಗ ಒಂದು ನಿಜವಾದ ಉದಾಹರಣೆಯನ್ನು ಎತ್ತಿಕೊಳ್ಳೋಣ. ದೂರದ್ದಲ್ಲ, ಇದೇ ಜಿಲ್ಲೆಯ ಚನ್ನಗಿರಿಯದು. ಶಾಲೆಯ ಸಮಾಜ ವಿಜ್ಞಾನದ ಪಾಠದಲ್ಲಿ ಧೋಂಡಿಯ ವಾಘ್ ಎಂಬ ಹೆಸರನ್ನು ನೀವು ಓದಿದ್ದೀರಿ. ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತೂ ಇರುತ್ತೀರಿ. ಚನ್ನಗಿರಿಯ ಮರಾಠಾ ಮನೆತನದಲ್ಲಿ ಹುಟ್ಟಿದ ಈತ ಹೈದರಾಲಿಯ ಸೈನ್ಯದಲ್ಲಿ ಸವಾರನಾಗಿ ಸೇರಿದ. 1792ರ ಯುದ್ಧದ ಹೊತ್ತಿಗೆ ದಂಡನ್ನು ಬಿಟ್ಟು ಧಾರವಾಡದ ಕಡೆಗೆ ಹೋಗಿ, ತನ್ನದೇ ಒಂದು ಗುಂಪು ಕಟ್ಟಿಕೊಂಡ. 1794ರಲ್ಲಿ ಟಿಪ್ಪು ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡ. ಅಲ್ಲಿ ಅವನ ಮತ ಬದಲಾಯಿತು, ಹೆಸರೂ ಬದಲಾಗಿ ಮಲಿಕ್ ಜಹಾನ್ ಖಾನ್ ಎಂದಾಯಿತು. ಕೆಲ ಕಾಲದ ಮೇಲೆ ಟಿಪ್ಪುವೇ ಅವನನ್ನು ಸೆರೆಗೆ ಹಾಕಿಸಿದ. 1799ರಲ್ಲಿ ಕೋಟೆ ಬಿದ್ದಾಗ ಸೆರೆಯಿಂದ ಹೊರಬಂದವನು ಬಿದನೂರಿನ ಕಡೆಗೆ ಓಡಿ, ಕೆಲಸ ಕಳೆದುಕೊಂಡು ಅಲೆಯುತ್ತಿದ್ದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಕುಂಪಣಿಯ ಸೈನ್ಯವನ್ನು ಅಲೆದಾಡಿಸಿದ. ತನ್ನನ್ನು ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡನಂತೆ. ಇಹ, ಪರ ಎರಡಕ್ಕೂ ಒಡೆಯ! ಕುಂಪಣಿ ಅವನ ಹಿಂದೆ ಬಿಟ್ಟದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು. ಮುಂದೆ 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಇವನೇ. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಳಿ ನಾಲ್ಕು ರೆಜಿಮೆಂಟು ಕುದುರೆ ಸೈನ್ಯದೊಡನೆ ವೆಲ್ಲೆಸ್ಲಿ ಮೇಲೆ ಬಿದ್ದ. ಧೋಂಡಿಯ ಅಲ್ಲೇ ಮಡಿದ.

ಪಾಠ ಇಲ್ಲಿಗೆ ಮುಗಿಯುತ್ತದೆ. ಮನೆತನದ ಜಾಡು ಹಿಡಿದವರಿಗೆ ಶುರುವಾಗುವುದೇ ಇಲ್ಲಿಂದ. ಕಾಳಗ ಮುಗಿದ ಮೇಲೆ ಸೋತವರ ಸಾಮಾನು ಸರಂಜಾಮಿನ ನಡುವೆ ಒಂದು ಮಗು ಸಿಕ್ಕಿತು. ವಯಸ್ಸು ಸುಮಾರು ನಾಲ್ಕು. ಹೆಸರು ಸಲಾಬತ್ ಖಾನ್. ಧೋಂಡಿಯನ ಮಗ ಎಂದರು. ಸಿಪಾಯಿಗಳು ಆ ಮಗುವನ್ನು ವೆಲ್ಲೆಸ್ಲಿಯ ಡೇರೆಗೆ ತಂದರು. ತಂದೆಯನ್ನು ಕೊಂದ ದಂಡಿನ ನಾಯಕ ಮಗನನ್ನು ಸಾಕುವ ಹೊಣೆ ಹೊತ್ತ. 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಹುಡುಗನ ಖರ್ಚಿಗೆಂದು ಕೆಲವು ನೂರು ಪೌಂಡು ಹಣವನ್ನು ಶ್ರೀರಂಗಪಟ್ಟಣದ ಜಡ್ಜಿಯೂ ಕಲೆಕ್ಟರೂ ಆಗಿದ್ದ ಕರ್ನಲ್ ಸಿಮಂಡ್ಸ್ ಕೈಯಲ್ಲಿಟ್ಟ. ಸಿಮಂಡ್ಸ್ ಕೆಲಸದಿಂದ ನಿವೃತ್ತನಾದ ಮೇಲೆ ಮೈಸೂರಿನ ರೆಸಿಡೆಂಟ್ ಆರ್ಥರ್ ಕೋಲ್ ಹುಡುಗನನ್ನು ವಹಿಸಿಕೊಂಡು ಮೈಸೂರು ಅರಸರ ಸೇವೆಗೆ ಸೇರಿಸಿದ. ಸಲಾಬತ್ ಖಾನ್ ಸುಂದರನೂ ಬುದ್ಧಿವಂತನೂ ಆದ ಯುವಕನಾಗಿ ಬೆಳೆದು, 1822ರಲ್ಲಿ ಕಾಲರಾ ತಗುಲಿ ತೀರಿಕೊಂಡ. ವೆಲ್ಲಿಂಗ್ಟನ್ನನ ಪತ್ರಗಳನ್ನು ಗರ್‌ವುಡ್ ಎಂಬುವನು 1830ರ ದಶಕದಲ್ಲಿ ಅಚ್ಚು ಹಾಕಿಸಿದಾಗ ಪುಟದ ಅಡಿಯಲ್ಲಿ ಕೊಟ್ಟ ಒಂದು ಟಿಪ್ಪಣಿಯಲ್ಲಿ ಇಷ್ಟೂ ಸಂಗತಿ ಇದೆ.

ಈಗ ನಿಮ್ಮ ಪೆನ್ಸಿಲು ತೆಗೆದುಕೊಳ್ಳಿ. 1800ರಲ್ಲಿ ನಾಲ್ಕು ವರ್ಷದ ಮಗು ಎಂದರೆ ಹುಟ್ಟಿದ್ದು 1796ರ ಸುಮಾರಿಗೆ. 1822ರಲ್ಲಿ ಸಾಯುವಾಗ 26 ವರ್ಷ. 1796ರಲ್ಲಿ ಧೋಂಡಿಯ ಎಲ್ಲಿದ್ದ? 1794ರಿಂದ 1799ರವರೆಗೆ ಅವನು ಶ್ರೀರಂಗಪಟ್ಟಣ ಬಿಟ್ಟು ಕದಲಿಲ್ಲ. ಆ ಅವಧಿಯ ಒಂದು ಭಾಗವನ್ನು ಸೆರೆಯಲ್ಲೇ ಕಳೆದ. ಅಂದಮೇಲೆ ಸ್ವಂತ ಮಗನಾಗಿದ್ದರೆ ಅವನು ಹುಟ್ಟಿದ ಊರು ಚನ್ನಗಿರಿಯಾಗಿರುವುದಕ್ಕಿಂತ ಶ್ರೀರಂಗಪಟ್ಟಣವಾಗಿರುವ ಸಂಭವವೇ ಹೆಚ್ಚು. ಕೆಲವು ಬರಹಗಳು ಸಲಾಬತ್ ಖಾನನನ್ನು ದತ್ತುಮಗ ಎಂದೂ ಹೇಳುತ್ತವೆ. ಎರಡೂ ಮಾತನ್ನು ಪಕ್ಕಪಕ್ಕದಲ್ಲಿ ಬರೆದಿಡಿ. ನಿಮಗೆ ಇಷ್ಟವಾದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಡೆದು ಹಾಕಬೇಡಿ. ತಂದೆಗೆ ಎರಡು ಹೆಸರು ಇರುವುದನ್ನೂ ಗಮನಿಸಿ. ಚನ್ನಗಿರಿಯಲ್ಲಿ ಧೋಂಡಿಯ ಎಂದು ಹುಡುಕಬೇಕು, ಶ್ರೀರಂಗಪಟ್ಟಣದಲ್ಲಿ ಮಲಿಕ್ ಜಹಾನ್ ಖಾನ್ ಎಂದು. ಇಂಗ್ಲಿಷರು ಕಿವಿಗೆ ಬಿದ್ದ ಹಾಗೆ ಬರೆದವರು; ಅವರ ಕಾಗದಗಳಲ್ಲಿ ಅದೇ ಹೆಸರು ಧೂಂಡಿಯಾ, ಢೂಂಡಿಯಾ, ದುಂಡಿಯಾ ಎಂದೆಲ್ಲ ತಿರುಗುತ್ತದೆ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಧೋಂಡಿಯನ ಜೊತೆಗೆ ಸಾವಿರಾರು ಸವಾರರಿದ್ದರು. ಅವರಿಗೂ ಮಕ್ಕಳಿದ್ದರು. ಆ ಮಕ್ಕಳ ಹೆಸರು ಯಾವ ಪುಟದ ಅಡಿಯಲ್ಲೂ ಇಲ್ಲ. ಸಲಾಬತ್ ಖಾನನ ಹೆಸರು ಉಳಿದದ್ದು ಏಕೆ? ದೊಡ್ಡ ಮನುಷ್ಯನ ದಯೆ ಎನ್ನಬಹುದು. ನನಗೆ ಕಾಣುವುದು ಬೇರೆ. ಅವನ ಹೆಸರಿನಲ್ಲಿ ಹಣ ಇತ್ತು. ಹಣ ಇದ್ದಮೇಲೆ ಅದನ್ನು ಯಾರು ಕೊಟ್ಟರು, ಯಾರ ಕೈಯಲ್ಲಿಟ್ಟರು, ಆಮೇಲೆ ಯಾರು ವಹಿಸಿಕೊಂಡರು ಎಂಬ ಲೆಕ್ಕ ಬೇಕಾಯಿತು. ಸೈನಿಕನ ಶೌರ್ಯವನ್ನು ಬರೆಯುವವರು ಅವನ ಹೆಂಡತಿ ಮಕ್ಕಳ ಹೆಸರನ್ನು ಕೇಳುವುದಿಲ್ಲ. ಅವನಿಗೆ ಅಥವಾ ಅವನ ಮನೆಯವರಿಗೆ ದುಡ್ಡು ಕೊಡಬೇಕಾದವರು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಯುದ್ಧದ ವರದಿಗಿಂತ ಸಂಬಳ, ಪಿಂಚಣಿ, ಉಂಬಳಿಗಳ ಲೆಕ್ಕದ ಪುಸ್ತಕವನ್ನು ಮೊದಲು ಹುಡುಕಿ.

ಅಮೆರಿಕದವರ ಅನುಭವ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. (ಆ ಯುದ್ಧದಿಂದ ಇಂಗ್ಲೆಂಡಿಗೆ ಅಮೆರಿಕದ ಹತ್ತಿ ಬರುವುದು ನಿಂತು, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಅಲ್ಲಿನ ಗುಂಡಿನ ಸದ್ದು ಇಲ್ಲಿನ ಎರೆಹೊಲಕ್ಕೂ ಕೇಳಿಸಿತು ಎನ್ನಿ.) ಆ ಯುದ್ಧದಲ್ಲಿ ಹೋರಾಡಿದ ತಾತನ ವಂಶವನ್ನು ಹುಡುಕುವುದು ಅಲ್ಲಿ ಲಕ್ಷಾಂತರ ಜನರ ಹವ್ಯಾಸ. ಅವರು ಮೊದಲು ಹೋಗಿ ನೋಡುವುದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಪಿಂಚಣಿ ಕಡತಗಳನ್ನು. ವಿಧವೆಗೆ ಪಿಂಚಣಿ ಬೇಕಾದರೆ ಮದುವೆಯಾದದ್ದನ್ನು ರುಜುವಾತು ಮಾಡಬೇಕಿತ್ತು, ಮಕ್ಕಳು ಹುಟ್ಟಿದ ದಿನವನ್ನು ತೋರಿಸಬೇಕಿತ್ತು. ಸರ್ಟಿಫಿಕೇಟು ಇಲ್ಲದವರು ಮನೆಯ ಬೈಬಲ್ಲಿನಲ್ಲಿ ಹುಟ್ಟು ಸಾವು ಬರೆದಿಟ್ಟ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಅದೂ ಇಲ್ಲದವರು ನೆರೆಹೊರೆಯವರಿಂದ, ಜೊತೆಗಾರ ಸೈನಿಕರಿಂದ ಸಾಕ್ಷಿ ಹೇಳಿಸಿದರು. ಉತ್ತರದ ಸೈನ್ಯದಲ್ಲಿ ಸುಮಾರು 1,79,000 ಮಂದಿ ಕರಿಯ ಸೈನಿಕರಿದ್ದರು. ಅವರಲ್ಲಿ ಬಹಳ ಮಂದಿ ಗುಲಾಮರಾಗಿದ್ದವರು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಆದ್ದರಿಂದ ಕಾಗದವೂ ಇರಲಿಲ್ಲ. ಅವರ ಹೆಂಡಂದಿರು ಪಿಂಚಣಿ ಅಧಿಕಾರಿಯ ಮುಂದೆ ಕುಳಿತು, ಯಾವ ಒಡೆಯನ ಹೊಲದಲ್ಲಿ ದುಡಿಯುತ್ತಿದ್ದಾಗ ಮದುವೆಯಾಯಿತು, ಯಾವ ಮಗು ಹುಟ್ಟಿತು, ಯಾವುದು ಸತ್ತಿತು ಎಂದು ಬಾಯಿಂದ ಹೇಳಿದರು, ಗುಮಾಸ್ತೆ ಬರೆದುಕೊಂಡ. ಅಕ್ಷರ ಬಾರದ ಆ ಹೆಂಗಸರ ಮಾತು ಹೀಗೆ ಕಾಗದಕ್ಕೆ ಇಳಿಯಿತು.

ಜನಗಣತಿಯೂ ಅವರಿಗೆ ಅನುಕೂಲವಾಗಿದೆ. ಹೆಸರು ಸಹಿತವಾದ ಮೂಲ ಪಟ್ಟಿಗಳನ್ನು ಅಲ್ಲಿ ಕಾಪಾಡಿ, 72 ವರ್ಷದ ನಂತರ ಎಲ್ಲರಿಗೂ ತೆರೆದಿಡುತ್ತಾರೆ. 1950ರ ಗಣತಿಯನ್ನು 2022ರಲ್ಲಿ ತೆರೆದರು. ಮೈಸೂರು ಸಂಸ್ಥಾನದಲ್ಲಿ ಕ್ರಮವಾದ ಜನಗಣತಿ 1871ರಲ್ಲಿ ನಡೆಯಿತು. ಆದರೆ ನಮಗೆ ಉಳಿದಿರುವುದು ಊರಿಗೆ ಎಷ್ಟು ಜನ, ಎಷ್ಟು ಮನೆ ಎಂಬ ಸಂಖ್ಯೆ ಮಾತ್ರ.

ಆ ಅಮೆರಿಕನ್ ಯುದ್ಧದ ಕೊನೆಯ ಪಿಂಚಣಿ ನಿಂತದ್ದು ಯಾವಾಗ ಎಂದು ಊಹಿಸಬಲ್ಲಿರಾ? 2020ರ ಮೇ 31ರಂದು. ಮೋಸ್ ಟ್ರಿಪ್ಲೆಟ್ ಎಂಬ ಸೈನಿಕ ಮೊದಲು ದಕ್ಷಿಣದ ದಂಡಿನಲ್ಲಿದ್ದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರದ ದಂಡಿಗೆ ಸೇರಿದ್ದ. ಮುಪ್ಪಿನಲ್ಲಿ ಎರಡನೆಯ ಮದುವೆಯಾದ. 1930ರಲ್ಲಿ ಐರೀನ್ ಎಂಬ ಮಗಳು ಹುಟ್ಟಿದಳು. ಆಕೆ ತನ್ನ 90ನೆಯ ವಯಸ್ಸಿನಲ್ಲಿ ಸಾಯುವವರೆಗೂ ತಂದೆಯ ಸೇವೆಗಾಗಿ ತಿಂಗಳಿಗೆ 73 ಡಾಲರ್ 13 ಸೆಂಟು ಪಡೆಯುತ್ತಿದ್ದಳು. ತಲೆಮಾರಿಗೆ 28 ವರ್ಷ ಎಂದು ಮೊದಲು ನಾನು ಹೇಳಿದ ಲೆಕ್ಕ ಬರೀ ಸರಾಸರಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ಸೀಮೆಗೆ ಮರಳೋಣ. 19ನೇ ಶತಮಾನದಲ್ಲಿ ಬಿಳಿಚೋಡಿನ ಕಡೆಯ ಒಬ್ಬ ಯುವಕ ದಂಡಿಗೆ ಹೋದನೆಂದರೆ ಎಲ್ಲಿಗೆ ಹೋಗಿರಬಹುದು? ಮೊದಲನೆಯದು ಮೈಸೂರಿನ ಸಿಲೇದಾರಿ ಸವಾರರ ದಂಡು. 1807ರ ಒಪ್ಪಂದದಂತೆ ಮೈಸೂರು ಅರಸರು 4,000 ಕುದುರೆ ಸವಾರರನ್ನು ಸಾಕಬೇಕಿತ್ತು. ಸಿಲೇದಾರ ಎಂದರೆ ತನ್ನ ಸ್ವಂತ ಕುದುರೆ, ಸ್ವಂತ ಆಯುಧ ತರುವವನು. ಇನ್ನೊಬ್ಬರ ಕುದುರೆ ಏರಿ ದುಡಿಯುವವನು ಬಾರಗೀರ. ಈ ಸವಾರರು 1817ರ ಡಿಸೆಂಬರ್ 21ರಂದು ದೂರದ ಮಾಳವದ ಮಹೀದ್‌ಪುರದಲ್ಲಿ ಹೋಳ್ಕರನ ಸೈನ್ಯದ ಮೇಲೆ ಹೋರಾಡಿದರು. ಎರಡನೆಯದು ಕಂದಾಚಾರ. ಇದು ಊರೂರಿನ ಕಾಲಾಳುಗಳ ದಂಡು. ಯುದ್ಧವಿದ್ದರೆ ಯುದ್ಧ, ಇಲ್ಲದಿದ್ದರೆ ಕಾವಲು, ಪೋಲೀಸಿನ ಕೆಲಸ. ಬಿಡುವಿನಲ್ಲಿ ಹೊಲದ ಕೆಲಸ. ಮೂರನೆಯದು ಕುಂಪಣಿಯ ಮದರಾಸು ಸೈನ್ಯ. ಬಳ್ಳಾರಿಯಲ್ಲಿ ದೊಡ್ಡ ದಂಡು ಇತ್ತು. ಹರಿಹರದ ಹತ್ತಿರವೂ 1865ರವರೆಗೆ ಒಂದು ಸಿಪಾಯಿ ರೆಜಿಮೆಂಟು ಬೀಡುಬಿಟ್ಟಿತ್ತು. ಬಿಳಿಚೋಡಿನವನಿಗೆ ಮೈಸೂರಿಗಿಂತ ಹರಿಹರ ಎಷ್ಟು ಹತ್ತಿರ ನೋಡಿ.

ಮನೆತನದ ಅಡ್ಡಹೆಸರೂ ಸುಳುಹು ಕೊಡುತ್ತದೆ: ಸವಾರ, ಕಿಲ್ಲೇದಾರ, ಜಮಾದಾರ, ಸುಬೇದಾರ, ಗುರಿಕಾರ. ಆದರೆ ಇಲ್ಲಿ ಎಚ್ಚರ ಬೇಕು. ಜಮಾದಾರ ಎಂಬುವನು ದಂಡಿನಲ್ಲೂ ಇದ್ದ, ಕಂದಾಯದ ಕಚೇರಿಯಲ್ಲೂ ಇದ್ದ. ಸುಬೇದಾರ ಎಂಬ ಹೆಸರಿಗೂ ಎರಡು ಅರ್ಥ ಉಂಟು. ಅಟ್ಟದ ಮೇಲಿನ ಕತ್ತಿಯೂ ಅಷ್ಟೇ. ಸಂತೆಯಲ್ಲಿ ಕೊಂಡದ್ದಾಗಿರಬಹುದು, ಮದುಮಗನ ಕೈಗೆ ಕೊಡಲು ಇಟ್ಟದ್ದಾಗಿರಬಹುದು.

ಹೊಲ ಮಾತ್ರ ಇಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ದಂಡಿನವನಿಗೆ ಭೂಮಿ ಕೊಡುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಮಣಲೆರ ಎಂಬ ವೀರನಿಗೆ ‘ಬಾಳ್ಗಳ್ಚು’ ಎಂದು, ಎಂದರೆ ಕತ್ತಿ ತೊಳೆದ ಗೌರವಕ್ಕೆಂದು, ಭೂಮಿ ಕೊಟ್ಟ ಮಾತಿದೆ. ಕಾದಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಕಿತ್ತೂರಿನ ಸೀಮೆಯಲ್ಲಿ ಶೇತಸನದಿಗಳಿಗೆ ಸೇವೆಯ ಬದಲಿಗೆ ಹೊಲ ಇರುತ್ತಿತ್ತು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿ. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು ಎಂದು ಎಲ್ಲ ಪುಸ್ತಕಗಳೂ ಒಂದೇ ಮಾತು ಹೇಳುತ್ತವೆ. ಹುಟ್ಟಿದ್ದು ಯಾವಾಗ ಎಂದರೆ ಕೆಲವರು 1796 ಎನ್ನುತ್ತಾರೆ, ಕೆಲವರು 1798. ಅವನ ಸಾವು ಸರಕಾರಕ್ಕೆ ಬೇಕಾಗಿತ್ತು, ಬರೆದುಕೊಂಡಿತು. ಹುಟ್ಟು ಸಂಗೊಳ್ಳಿಯ ಒಂದು ಮನೆಗೆ ಮಾತ್ರ ಬೇಕಾಗಿತ್ತು.

ಮೈಸೂರು ಸೀಮೆಯಲ್ಲಿ ಕ್ರಮವಾದ ಭೂಮಿ ಸರ್ವೆ 1863ರಲ್ಲಿ ಆರಂಭವಾಯಿತು. 1866ರಲ್ಲಿ ಇನಾಂ ಕಮಿಷನ್ ಏರ್ಪಟ್ಟಿತು. ಈ ಹೊಲ ನಿನಗೆ ಯಾರಿಂದ ಬಂತು, ಯಾವ ಸೇವೆಗಾಗಿ ಬಂತು, ಸನ್ನದು ಎಲ್ಲಿದೆ, ಈಗ ಅನುಭವಿಸುತ್ತಿರುವವನು ಅವನಿಗೆ ಏನಾಗಬೇಕು ಎಂದು ಅಧಿಕಾರಿಗಳು ಕೇಳಿದರು. ಉತ್ತರ ಹೇಳಬೇಕಾದರೆ ತಂದೆ, ಅಜ್ಜ, ಮುತ್ತಜ್ಜನ ಹೆಸರು ಹೇಳಲೇಬೇಕು. ಅಮೆರಿಕದ ವಿಧವೆ ಪಿಂಚಣಿ ಅಧಿಕಾರಿಯ ಮುಂದೆ ಹೇಳಿದ ಹಾಗೆಯೇ ನಮ್ಮ ರೈತ ಇನಾಂ ಅಧಿಕಾರಿಯ ಮುಂದೆ ಹೇಳಿದ. ಆದ್ದರಿಂದ ನಿಮ್ಮ ಮನೆಯ ಹೊಲಗಳಲ್ಲಿ ಯಾವುದಾದರೂ ಹಿಂದೆ ಇನಾಮಾಗಿತ್ತೇ ಎಂದು ಕೇಳಿ. ಸರ್ವೆ ನಂಬರು ಬರೆದುಕೊಂಡು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕಂಪ್ಯೂಟರಿಗೆ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ಪುಸ್ತಕಗಳ ನಕಲಿಗೆ ಅರ್ಜಿ ಕೊಡಿ. ಸ್ವಲ್ಪ ಅಲೆದಾಟ ಇದೆ, ಸಿಟ್ಟಾಗಬೇಡಿ. ಅದಕ್ಕೂ ಹಿಂದಿನದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಮದರಾಸು ಸೈನ್ಯದ ಕಡೆಯ ಜಾಡಾದರೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ. ಹಳೆಯ ಶಾನುಭೋಗರ ಮನೆಯಲ್ಲಿ ಏನಾದರೂ ಉಳಿದಿದೆಯೇ ಎಂದೂ ವಿಚಾರಿಸಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಿಂದ ಬರೆದ ಪುಸ್ತಕಕ್ಕೇ ಮೊದಲು ಕಡತ ಎಂಬ ಹೆಸರು. ಗೆದ್ದಲಿಗೂ ಮಳೆಗೂ ಅದು ಸುಲಭದ ತುತ್ತು. ಸಿಕ್ಕರೆ ಒದ್ದೆ ಕೈಯಲ್ಲಿ ಮುಟ್ಟಬೇಡಿ, ಒರೆಸಲು ಹೋಗಬೇಡಿ; ಬಳಪದ ಬರಹ ಬೆರಳಿಗೆ ಬಂದುಬಿಡುತ್ತದೆ. ಮೊಬೈಲಿನಲ್ಲಿ ಒಂದೊಂದೇ ಮಡಿಕೆಯ ಫೋಟೋ ತೆಗೆದುಕೊಳ್ಳಿ.

ಹುಡುಕುತ್ತ ಹೋದಾಗ ಸಿಗುವುದೆಲ್ಲ ಹೆಮ್ಮೆಯದೇ ಆಗಿರುವುದಿಲ್ಲ. 1830–31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಿರುಕುಳ ತಾಳಲಾರದೆ ಕೂಟ ಸೇರಿ ದಂಗೆ ಎದ್ದರು. ಹೊನ್ನಾಳಿಯಲ್ಲಿ ಕಾಳಗ ನಡೆಯಿತು. ಒಂದು ಕಡೆ ನಮ್ಮ ಸೀಮೆಯ ರೈತರು. ಇನ್ನೊಂದು ಕಡೆ ಅವರನ್ನು ಅಡಗಿಸಲು ಬಂದ ಮೈಸೂರಿನ ಸವಾರರು, ಕುಂಪಣಿಯ ಸಿಪಾಯಿಗಳು. ಆ ಸಿಪಾಯಿಗಳೂ ಈ ನಾಡಿನ ಮಕ್ಕಳೇ. ಆ ದಂಗೆಯ ಬೆನ್ನಿಗೇ, 1831ರಲ್ಲಿ, ಮೈಸೂರಿನ ಆಡಳಿತವನ್ನು ಇಂಗ್ಲಿಷರು ಕೈಗೆ ತೆಗೆದುಕೊಂಡು 50 ವರ್ಷ ಇಟ್ಟುಕೊಂಡರು. ನಿಮ್ಮ ಅಜ್ಜನ ಕತ್ತಿ ಆ ದಿನ ಯಾವ ಕಡೆ ಇತ್ತು? ಸಿಕ್ಕ ಉತ್ತರ ಮನಸ್ಸಿಗೆ ಒಗ್ಗದಿದ್ದರೂ ಹಾಗೆಯೇ ಬರೆದಿಡಿ. ಸಂಬಳ ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೋದ ಬಡವನೊಬ್ಬ ಇನ್ನೂರು ವರ್ಷದ ಮೇಲೆ ಮೊಮ್ಮಕ್ಕಳಿಗಾಗಿ ಪಕ್ಷ ಬದಲಾಯಿಸಲಾರ.

ಕಾಗದ ಸಿಗದ ಮನೆಗಳ ಮಾತೇನು? ಹೊಲವೇ ಇಲ್ಲದವರು, ಉಂಬಳಿ ಕಾಣದವರು ನಮ್ಮಲ್ಲಿ ಹೆಚ್ಚು. ಅವರಿಗೂ ಒಂದು ದಾರಿ ಇದೆ. ಅದು ಅಮೆರಿಕದವರಿಗೆ ಇಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಕೈಯಲ್ಲಿ ಗಂಟೆ ಹಿಡಿದು, ಹೆಗಲ ಮೇಲೆ ಕಂಬಳಿ ಹೊದ್ದು ಬರುವ ಹೆಳವರನ್ನು ನೀವು ನೋಡಿರಬಹುದು. ಹೆಳವ ಎಂದರೆ ಕುಂಟ. ಅವರ ಮೂಲಪುರುಷ ಕಾಲಿಲ್ಲದವನಾಗಿದ್ದು ಎತ್ತಿನ ಮೇಲೆ ಕುಳಿತು ಊರೂರು ತಿರುಗಿದ ಎಂದು ಅವರೇ ಕಥೆ ಹೇಳುತ್ತಾರೆ. ತಮಗೆ ಒಕ್ಕಲಾದ ಮನೆಗಳ ವಂಶವನ್ನು ಅವರು ತಲೆಮಾರುಗಟ್ಟಲೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕೆಲವರು ಪುಸ್ತಕದಲ್ಲೂ ಬರೆದಿಟ್ಟಿದ್ದಾರೆ. ಈ ಮನೆಯವರು ಮೊದಲು ಯಾವ ಊರಿನಲ್ಲಿದ್ದರು, ಅಲ್ಲಿಂದ ಏಕೆ ಎದ್ದು ಬಂದರು, ಯಾರು ಯಾರಿಗೆ ಹುಟ್ಟಿದರು, ಯಾವ ಕವಲು ಯಾವ ಊರಿಗೆ ಹೋಯಿತು ಎಂದು ಪಡಸಾಲೆಯಲ್ಲಿ ಕುಳಿತು ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ಬದಲಿಗೆ ಕಾಳು, ಬಟ್ಟೆ, ಶಕ್ತಿ ಇದ್ದವರು ದನಕರು ಕೊಡುತ್ತಾರೆ. ನೋಡಿ, ಇಲ್ಲೂ ಕೊಡುಕೊಳ್ಳುವ ಲೆಕ್ಕವೇ ನೆನಪನ್ನು ಕಾದಿದೆ.

ಹೆಳವರ ಮಾತಿನಲ್ಲಿ ಹೊಗಳಿಕೆ ಇರುತ್ತದೆ. ಕೊಡುವ ಮನೆಯ ಹಿರಿಯ ಸಾಮಾನ್ಯನಾಗಿರಲು ಬಿಡುವುದಿಲ್ಲ. ಹತ್ತು ಆಳಿನ ಬಲದವನು ಎಂದೇ ಹೇಳುತ್ತಾರೆ. ಅದನ್ನು ಜರಡಿ ಹಿಡಿಯುವ ಕೆಲಸ ನಿಮ್ಮದು. ಊರಿನ ಹೆಸರು, ಮಕ್ಕಳ ಕ್ರಮ, ಹೆಣ್ಣು ತಂದ ಮನೆ ಇವುಗಳನ್ನು ಹೆಚ್ಚು ನಂಬಬಹುದು. ಅಜ್ಜಿ ಬೆರಳು ತೋರಿಸಿ ಹೇಳಿದ ಹೆಸರು, ಪಹಣಿಯಲ್ಲಿ ಕಂಡ ಹೆಸರು, ಹೆಳವರು ಹೇಳಿದ ಹೆಸರು ಮೂರೂ ಒಂದೇ ಆಗಿ ಬಂದ ಕಡೆ ಗೆರೆ ಎಳೆಯಿರಿ. ಹೆಳವರ ಮಕ್ಕಳು ಈಗ ನಿಮ್ಮ ಹಾಗೆಯೇ ಶಾಲೆ ಕಾಲೇಜಿಗೆ ಹೋಗುತ್ತಿದ್ದಾರೆ, ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹೋಗಬೇಕಾದದ್ದೇ. ಹಿಂದೆ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದವರು ಎಷ್ಟೋ ಊರುಗಳಿಗೆ ಈಗ ಬರುವುದೇ ಇಲ್ಲ.

ನಿಮ್ಮ ಊರಿಗೆ ಇನ್ನೂ ಬರುತ್ತಾರಾದರೆ, ಈ ಸಲ ಗಂಟೆಯ ಸದ್ದು ಕೇಳಿದ ಕೂಡಲೇ ನೋಟುಬುಕ್ಕು ತೆಗೆಯಿರಿ. ಅವರು ಹೇಳುವಾಗ ಮಧ್ಯೆ ತಡೆಯಬೇಡಿ. ಒಂದು ಹೆಸರಿನ ಎಳೆ ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಪ್ರಶ್ನೆಗಳು ಕಡೆಗಿರಲಿ. ಮೊರದಲ್ಲಿ ಜೋಳ ತುಂಬಿಸಿ ಇಟ್ಟಿರಲು ಅಮ್ಮನಿಗೆ ಮೊದಲೇ ಹೇಳಿರಿ. ಎಲ್ಲ ಮುಗಿದ ಮೇಲೆ ಹೆಣ್ಣುಮಕ್ಕಳ ಹೆಸರನ್ನೂ ಕೇಳಿ. ಕೇಳದೆ ಅವರು ಹೇಳುವುದಿಲ್ಲ.